ಹೊಗೆಗೂಡಿಗೆ ಇಳಿಸಿದ ಮಣ್ಣಿನ ಕೊಳವೆ

ನಾನು ಭೀಮೆಯ ದಂಡೆಯ ಮಣ್ಣೂರಿನವಳು. ಮದುವೆಯಾಗಿ ಜೇವರ್ಗಿಗೆ ಬಂದಾಗ ಅತ್ತೆಮನೆಯ ಒಲೆಯ ಮೇಲಿನ ಹೊಗೆಗೂಡು ನೋಡಿ ಹಿಗ್ಗಿದ್ದೆ. ತವರಿನಲ್ಲಿ ಹೊಗೆ ಅಡಿಗೆಮನೆಯೆಲ್ಲ ತುಂಬಿ, ನಮ್ಮ ಕಣ್ಣು ಉರಿಸಿ, ಆಮೇಲೆ ಬೆಳಕಿಂಡಿಗೆ ಹೋಗುತ್ತಿತ್ತು. ಇಲ್ಲಿ ಮಾವ ಮಣ್ಣಿನ ಮಾಳಿಗೆ ಕೊರೆಸಿ, ತೊಲೆಗಳ ನಡುವೆ ಇಟ್ಟಿಗೆ ಕಟ್ಟಿಸಿ ಹೊಗೆಗೆ ದಾರಿ ಮಾಡಿದ್ದರು.

ಆ ವರ್ಷ ಎಳ್ಳ ಅಮಾವಾಸ್ಯೆಯಂದು ಗಂಡಸರು ಮುಂದಾಗಿ ಹೊಲಕ್ಕೆ ಹೋಗಿದ್ದರು. ಅತ್ತೆ ಮತ್ತು ನಾನು ಬುತ್ತಿ ಕಟ್ಟಿಕೊಂಡು ಹೋಗಬೇಕಿತ್ತು. ಸಜ್ಜೆ ರೊಟ್ಟಿ ಬೇಯಿಸಲು ಒಲೆಗೆ ತೊಗರಿ ಕಟ್ಟಿಗೆ ತುಂಬಿದ್ದೆವು. ಒಮ್ಮೆಲೆ ಮೇಲಿನಿಂದ ಬಿರುಗಾಳಿಯಂಥ ಸದ್ದು ಬಂತು. ಹೊಗೆಗೂಡಿನೊಳಗೆ ಕಟ್ಟಿದ್ದ ಮಸಿಗೆ ಬೆಂಕಿ ಹತ್ತಿತ್ತು. ಇಟ್ಟಿಗೆಯ ಬಿರುಕಿನಲ್ಲಿ ಕೆಂಪು ಗೆರೆ ಕಂಡಿತು. ಪಕ್ಕದ ತೊಲೆ ಹೊಗೆಯಾಡತೊಡಗಿತು. ಅದೇ ತೊಲೆಯ ಆಚೆ ತುದಿಗೆ, ಪಡಸಾಲೆಯಲ್ಲಿ, ನನ್ನ ಕೂಸಿನ ತೊಟ್ಟಿಲು ಕಟ್ಟಿತ್ತು.

"ನಿಂತೇನ್ ನೋಡ್ತಿ ಬೇ! ಕೂಸಿನ್ನ ಹೊರಗ ಒಯ್ಯಿ!" ಎಂದು ಅತ್ತೆ ಚೀರಿದರು. ಹಸಿ ಗೋಣಿಚೀಲವನ್ನು ಒಲೆಯ ಬಾಯಿಗೆ ಒತ್ತಿ, ಉರಿಗೆ ಗಾಳಿ ಸಿಗದಂತೆ ಅಲ್ಲೇ ಕೂತುಬಿಟ್ಟರು.

ಕೂಸನ್ನು ನೆರೆಮನೆಯ ಮುದುಕಿಗೆ ಕೊಟ್ಟು ಏಣಿ ಹತ್ತಿದೆ. ಮಾಳಿಗೆಯ ಮೇಲೆ ದನಗಳಿಗೆಂದು ಒಟ್ಟಿದ್ದ ಜೋಳದ ಕಣಿಕೆಯ ಸುತ್ತ ಕಿಡಿಗಳು ಉದುರುತ್ತಿದ್ದವು. ಸಿವುಡು ಕಟ್ಟುಗಳನ್ನು ಎಳೆದೆಳೆದು ಅಂಗಳಕ್ಕೆ ಎಸೆದೆ. ಕೆಳಗಿನಿಂದ ಅತ್ತೆಯ ಕೆಮ್ಮು ಕೇಳುತ್ತಿರುವವರೆಗೆ ಧೈರ್ಯವಿತ್ತು. ಕೆಮ್ಮು ನಿಂತಿತು. ಇಳಿದು ಓಡಿದರೆ, ಅತ್ತೆ ಮುಖವೆಲ್ಲ ಕಪ್ಪಾಗಿ, ಸೆರಗು ಬಾಯಿಗೆ ತುರುಕಿಕೊಂಡು, ಚೀಲ ಬಿಡದೆ ಕೂತಿದ್ದರು. ಮೇಲಿನ ಸದ್ದು ಅಡಗಿತ್ತು. ತೊಲೆಗೆ ಕೊಡಗಟ್ಟಲೆ ನೀರು ಸುರಿದೆ.

ಹೊಗೆಗೂಡು ಮುಚ್ಚಿಬಿಡಿ ಎಂದು ಅತ್ತೆ ಮಾವನಿಗೆ ಅತ್ತು ಹೇಳಿದೆ. ಆದರೆ ಅಂದಿನಿಂದ ಅತ್ತೆಗೆ ಹೊಗೆ ತಾಕಿದರೆ ಉಸಿರೇ ಸಿಗುತ್ತಿರಲಿಲ್ಲ. ಹೀಗಾಗಿ ಹೊಗೆಗೂಡು ಉಳಿಸಿ, ಉರಿ ಬಿರುಕಿಗೆ ತಾಕದಂತೆ ಒಳಗೊಂದು ಕೊಳವೆ ಇಳಿಸುವುದೆಂದಾಯಿತು. ಯುದ್ಧದ ದಿನಗಳು, ಹೊಸ ತಗಡು ಸಿಗುತ್ತಿರಲಿಲ್ಲ. ತಗಡಿನ ಕೆಲಸದ ಚಾಚಾ ಸೀಮೆಎಣ್ಣೆ ಡಬ್ಬಿ ಬಿಚ್ಚಿ ಒಂದು ಕೊಳವೆ ಮಾಡಿಕೊಟ್ಟ. ಕುಂಬಾರ ಸುಟ್ಟ ಮಣ್ಣಿನದೊಂದು ತಂದ.

"ಒಲಿ ಮುಂದ ಕೂಡಾಕಿ ನೀ. ಯಾವುದು ಹಾಕೋಣ ಹೇಳವ್ವ," ಎಂದು ಮಾವ ಕೇಳಿದರು.

"ಎರಡೂ ನೋಡಿದ್ರ ಅಂಜಿಕಿ ಬರ್ತದ್ರಿ ಮಾವಾರ. ಮೊದಲ ಅಂಗಳದಾಗ ಉರಿ ಹಾಕಿ ನೋಡ್ರಿ."

ಅಂಗಳದಲ್ಲಿ ಒಲೆ ಹೂಡಿದರು. ತಗಡು ಕೆಂಪಗಾಯಿತು, ಬೆಸುಗೆ ಕರಗಿ ತೊಟ್ಟಿಕ್ಕಿತು, ಸಂದಿನಿಂದ ಉರಿ ಹೊರಗೆ ನುಗ್ಗಿತು. "ಇದು ಬ್ಯಾಡ ಬೇಟಿ," ಎಂದು ಚಾಚಾನೇ ಹೇಳಿದ. ಮಣ್ಣಿನದು ಇನ್ನೂ ಭಯಂಕರ. ಢಂ ಎಂದು ಒಡೆದು ಹೋಳುಗಳು ಹಾರಿದವು. ನಾನು ಕೂಸನ್ನು ಅಪ್ಪಿಕೊಂಡು ಬೀದಿಗೆ ಓಡಿದ್ದೆ.

"ಒಳಗ ಹಸಿ ಉಳಿದಿತ್ತ್ರಿ. ಮತ್ತೊಂದು ಸುಟ್ಟು ತರ್ತೇನಿ," ಎಂದ ಕುಂಬಾರ.

ಮುಂದಿನದು ದಪ್ಪಗಿತ್ತು, ಚೆನ್ನಾಗಿ ಬೆಂದಿತ್ತು. ಉರಿ ಬೂದಿಯಾಗುವವರೆಗೂ ತಡೆಯಿತು. ಅದನ್ನೇ ಹಾಕಿರೆಂದೆ. ಸುಟ್ಟ ತೊಲೆ ಬದಲಿಸಿ, ಹೊಸದನ್ನು ದೂರ ಸರಿಸಿ, ಕೊಳವೆಯ ಸುತ್ತ ಮರಳು ತುಂಬಿಸಿದರು.

ಮೊದಲ ಸಲ ಒಲೆ ಹೊತ್ತಿಸಿದ ದಿನ ನಾನು ಅಡಿಗೆಮನೆಯ ಹೊಸ್ತಿಲು ದಾಟಲಿಲ್ಲ. ಅತ್ತೆ ಮಣೆಯ ಮೇಲೆ ನಿಂತು ತೊಲೆಗೆ ಅಂಗೈ ಇಟ್ಟರು.

"ತಣ್ಣಗ ಅದ. ಬಾ, ನೀನೂ ಮುಟ್ಟು."

ಮುಟ್ಟಿದೆ. ತಣ್ಣಗೇ ಇತ್ತು. ಆದರೂ ದೊಡ್ಡ ಉರಿ ಹಾಕಲು ಕೈ ಬರಲಿಲ್ಲ. ಬಹಳ ದಿನ ನಮ್ಮ ಮನೆಯಲ್ಲಿ ಊಟ ತಡವಾಗುತ್ತಿತ್ತು. ಎಲ್ಲರೂ ನನ್ನ ಸಣ್ಣ ಉರಿಗೆ ಕಾದು ಕೂಡುತ್ತಿದ್ದರು.