ಸೂಜಿ ಕುದಿಸುವ ಒಲೆ

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ದಾರಿಯ ಹಳ್ಳಿಯೊಂದಕ್ಕೆ ೧೯೫೪ರಲ್ಲಿ ಸರ್ಕಾರಿ ಆಸ್ಪತ್ರೆ ಬಂತು. ಒಂದೇ ಕೋಣೆ. ಡಾಕ್ಟರು ವಾರಕ್ಕೊಮ್ಮೆ ಬಂದರೆ ಬಂದರು; ಉಳಿದಂತೆ ಎಲ್ಲ ಕಾಂಪೌಂಡರ್ ಶಿವರುದ್ರಸ್ವಾಮಿಯೇ.

ಆ ಊರಿನ ಕೂಲಿ ಹೆಂಗಸು ಚಿಕ್ಕಬಸಮ್ಮ ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಕಣದಲ್ಲಿ ಅಳೆದುಕೊಟ್ಟ ರಾಗಿಯನ್ನು ಮನೆಗೆ ತಂದು ಮತ್ತೆ ಅಳೆಯುವವಳು. ತಂಗಿ ಮಾದಮ್ಮನಿಗೆ ಚಳಿಜ್ವರ ಬಂದಾಗ ಇವಳೇ ಕಾಂಪೌಂಡರ್ ಕೈಲಿ ಸೂಜಿ ಹಾಕಿಸಿದಳು. ಜ್ವರ ಬಿಟ್ಟಿತು, ತೋಳು ಬಾತು ಕೀವು ತುಂಬಿತು. ಗಾಡಿ ಕಟ್ಟಿಸಿ ಗುಂಡ್ಲುಪೇಟೆಗೆ ಕರೆದೊಯ್ದರೆ, ಅಲ್ಲಿನ ಡಾಕ್ಟರು ಕೊಯ್ದು ಕೀವು ತೆಗೆದು, "ಸೂಜಿ ಕುದಿಸಿಲ್ಲ" ಎಂದರು.

ಆಸ್ಪತ್ರೆಯ ಸ್ಟೌವಿಗೆ ಸರ್ಕಾರ ಸೀಮೆಎಣ್ಣೆ ಕೊಡುವುದು ಅವಳಿಗೆ ಗೊತ್ತಿತ್ತು. ಸ್ಟೌ ಉರಿದದ್ದನ್ನು ಮಾತ್ರ ಈಚೆಗೆ ಕಂಡಿರಲಿಲ್ಲ. ಎಣ್ಣೆ ಕಾಂಪೌಂಡರ್ ಮನೆ ಸೇರುತ್ತಿದೆ ಎಂದು ಮನಸ್ಸಿನಲ್ಲೇ ತೀರ್ಮಾನಿಸಿದಳು. ದೀಪ ಹಚ್ಚುವ ಹೊತ್ತಿಗೆ ಮಜ್ಜಿಗೆ ಕೇಳುವ ನೆವದಲ್ಲಿ ಅವರ ಅಂಗಳಕ್ಕೆ ಹೋಗಿ ಇಣುಕಿದರೆ, ಒಳಗೆ ಹರಳೆಣ್ಣೆಯ ಹಣತೆ.

"ಸೀಮೆಣ್ಣೆ ಹಚ್ಚಲ್ವಾ ಅವ್ವಾ?"

"ಎಲ್ಲೈತೆ? ಸುಗ್ಗಿಯಿಂದ ಆಸ್ಪತ್ರೆಗೇ ಬಂದಿಲ್ವಂತೆ," ಎಂದಳು ಆತನ ಹೆಂಡತಿ ಚಂದ್ರಮತಿ, ಮಜ್ಜಿಗೆ ಹುಯ್ಯುತ್ತ.

ತಾನು ಬರುವುದು ಕಂಡು ಲಾಟೀನು ಬಚ್ಚಿಟ್ಟಿರಬೇಕು ಎಂದುಕೊಂಡೇ ಚಿಕ್ಕಬಸಮ್ಮ ಹಿಂದಿರುಗಿದಳು.

ಕೆಲವು ದಿನಕ್ಕೆ ಮಾದಮ್ಮನ ಮಗಳು ಪುಟ್ಟಿಗೂ ಜ್ವರ ಏರಿತು. ಚಿಕ್ಕಬಸಮ್ಮ ಕೂಸನ್ನು ಹೆಗಲಿಗೆ ಹಾಕಿಕೊಂಡು, ಒಂದು ಹಿಡಿ ಸೌದೆ ಹಿಡಿದು ಬಂದವಳೇ ಆಸ್ಪತ್ರೆಯ ಬಾಗಿಲ ಮುಂದೆ ಮೂರು ಕಲ್ಲು ಹೂಡಿದಳು.

"ಇದೇನಮ್ಮ?"

"ಒಲೆ, ಬುದ್ಧಿ. ನನ್ ಕಣ್ಮುಂದೆ ಸೂಜಿ ಕುದೀಲಿ. ಆಮೇಲೆ ಕೂಸ ಮುಟ್ಟಿ."

"ನನ್ನ ಕಳ್ಳ ಅಂದ್ಕೊಂಡಿದ್ದೀಯಾ?"

"ಅಂದ್ಕಂಡಿವ್ನಿ."

ಶಿವರುದ್ರಸ್ವಾಮಿಯ ಮುಖ ಕಪ್ಪಿಟ್ಟಿತು. ಒಳಗಿನಿಂದ ಎಣ್ಣೆ ಡಬ್ಬ ತಂದು ಅವಳೆದುರೇ ಬೋರಲು ಹಾಕಿದ. ಒಂದು ತೊಟ್ಟೂ ಬೀಳಲಿಲ್ಲ.

"ಮೇಲಿನವರಿಗೆ ಹೇಳಿ ಹೇಳಿ ಸಾಕಾಯ್ತು. ಜ್ವರದೋರನ್ನ ವಾಪಸ್ ಕಳಿಸಕ್ಕೆ ಮನಸ್ಸು ಬರಲಿಲ್ಲ. ಮನೆಯಿಂದ ತಂದ ಬಿಸಿನೀರಲ್ಲಿ ತೊಳೆದು ಹಾಕ್ತಿದ್ದೆ. ತಪ್ಪಾಯ್ತು."

ಅವಳು ಡಬ್ಬ ಎತ್ತಿ ಮೂಸಿದಳು. ಒಳಗೆ ತುಕ್ಕು ಹಿಡಿದಿತ್ತು.

"ನಮ್ಗ್ಯಾಕೆ ಯೋಳ್ನಿಲ್ಲ? ಕಾಡ್ ಮಗ್ಗುಲ್ ಊರ್ನಲ್ಲಿ ಸೌದೆಗೆ ಬರವಾ?"

ಸರ್ಕಾರದ ಆಸ್ಪತ್ರೆಗೆ ಊರಲ್ಲಿ ಸೌದೆ ಬೇಡುವುದು ಹೇಗೆ ಎಂದು ನಾಚಿಕೆಯಾಗಿತ್ತು ಆತನಿಗೆ. ಕುಕ್ಕರಗಾಲಲ್ಲಿ ಕೂತು ಒಲೆ ಊದಿದ. ನೀರು ಕೊತಕೊತ ಕುದಿಯುವವರೆಗೂ ಅವಳು ಕೂಸನ್ನು ಕೈಗೆ ಕೊಡಲಿಲ್ಲ.

ಪುಟ್ಟಿಯ ತೋಳು ಬಾತುಕೊಳ್ಳಲಿಲ್ಲ. ಅಲ್ಲಿಂದೀಚೆಗೆ ಸೂಜಿಗೆ ಬರುವವರು ಒಂದೊಂದು ಕಟ್ಟಿಗೆ ತರತೊಡಗಿದರು. ಮಳೆಗಾಲ ಕಳೆದು ಸೀಮೆಎಣ್ಣೆ ಬಂದ ಮೇಲೂ ಚಿಕ್ಕಬಸಮ್ಮ ಮಾತ್ರ ಬಾಗಿಲಲ್ಲಿ ಕೂತು ಸ್ಟೌವಿನ ಕಡೆಯೇ ನೋಡುವಳು. ಶಿವರುದ್ರಸ್ವಾಮಿ ಒಳ್ಳೆಯವನೆಂದು ಯಾರಾದರೂ ಅಂದರೆ, "ಒಳ್ಳೇವ್ರೆಯಾ. ಆದ್ರೂ ನೋಡ್ಕಂಡು ಸೂಜಿ ಆಕುಸ್ಕಳಿ," ಎನ್ನುತ್ತಿದ್ದಳು.