ಮೊಳೆಮಾವನ ಬಾಯಿಗೆ ಚಾಕೊಲೇಟು

ಮೊಳೆಮಾವ ಎಂದರೆ ಬೀದಿಗೆಲ್ಲ ಮಾವ. ಹಳೇ ಕುರ್ಚಿ, ಸೋಫಾಗಳ ಹೊಟ್ಟೆ ಬಿಚ್ಚಿ, ನಾರು ತುಂಬಿ, ಹೊಸ ಬಟ್ಟೆ ಹೊಡೆದುಕೊಡುವ ಕುಶನ್ ಕೆಲಸ ಅವರದು. ಹನ್ನೆರಡು ಮೊಳೆ ಎಣಿಸಿ ಬಾಯಿಗೆ ಹಾಕಿಕೊಂಡರೆಂದರೆ, ನಾಲಿಗೆಯಿಂದ ಒಂದೊಂದನ್ನೇ ತುಟಿಗೆ ತಳ್ಳಿ, ಎರಡು ಬೆರಳಲ್ಲಿ ತೆಗೆದು ಟಪ್ಪೆಂದು ಬಡಿಯುತ್ತಿದ್ದರು. ಬಾಯಿ ತುಂಬ ಮೊಳೆ ಇಟ್ಟುಕೊಂಡವರ ಜೊತೆ ಯಾರು ಜಗಳ ಆಡಿಯಾರು? ಹೆಂಡತಿ, ಅಂದರೆ ನಮ್ಮೆಲ್ಲರ ಅತ್ತೆ, ಮೂವತ್ತು ವರ್ಷ ಬೈದದ್ದಕ್ಕೆಲ್ಲ ಬಂದ ಉತ್ತರ "ಹ್ಞೂಂ" ಒಂದೇ. ಅತ್ತೆಯ ಬೈಗುಳವೂ ಅಂಥಾದ್ದೇನಲ್ಲ ಬಿಡಿ, ಹಾಲು ಉಕ್ಕಿದ ಹಾಗೆ. ಉರಿ ತಗ್ಗಿಸಿದರೆ ತಾನೇ ಇಳಿಯುವಂಥದ್ದು. ಇರಲಿ, ಕೆಮ್ಮಿನ ವಿಷಯಕ್ಕೆ ಬರೋಣ.

ಆ ವರ್ಷದ ಚಳಿಗೆ ಮಾವನಿಗೆ ಒಣಕೆಮ್ಮು ಹತ್ತಿಕೊಂಡಿತು. ಡಾಕ್ಟರು ಎದೆ ನೋಡಿ, "ಎದೆ ಗಟ್ಟಿಯಾಗಿದೆ. ಧೂಳಿನ ಕೆಲಸ ನೋಡಿ, ನಿಧಾನಕ್ಕೆ ಹೋಗುತ್ತೆ" ಎಂದರು. ಅತ್ತೆಯ ಭಯ ಕೆಮ್ಮಿನದಲ್ಲ. ಕೆಮ್ಮುತ್ತ ಉಸಿರೆಳೆದಾಗ ಆ ಹನ್ನೆರಡರಲ್ಲಿ ಒಂದು ಗಂಟಲಿಗಿಳಿದರೆ?

ಊಟಕ್ಕೆ ಕೂತಾಗ, "ರೀ, ಮೊಳೇನ ಬಟ್ಟಲಲ್ಲಿ ಇಟ್ಕೊಳ್ರೀ" ಎಂದರು.

"ಒಂದು ಕೈಲಿ ಬಟ್ಟೆ ಎಳೆದು ಹಿಡೀಬೇಕು, ಇನ್ನೊಂದರಲ್ಲಿ ಸುತ್ತಿಗೆ. ಮೂರನೇ ಕೈ ಏನು ನಿಮ್ಮಪ್ಪ ಕೊಟ್ಟಿದ್ರಾ?"

ಕಹಿ ಚಾಕೊಲೇಟು ಚೀಪಿದರೆ ಕೆಮ್ಮು ಅಡಗುತ್ತದಂತೆ ಎಂದು ಮಗಳು ಎಲ್ಲೋ ಕೇಳಿಕೊಂಡು ಬಂದು, ಒಂದು ಪಟ್ಟಿ ತಂದಳು. "ಅಗೀಬೇಡಿ ಅಪ್ಪ, ಬಾಯಲ್ಲೇ ಕರಗಿಸಿ."

"ಹಲ್ಲು ಅಲ್ಲಾಡೋ ವಯಸ್ಸಲ್ಲಿ ಚಾಕೊಲೇಟು!" ಎಂದು ಮೂಗು ಮುರಿದರೂ, ಅತ್ತೆಯೇ ಚೂರು ಮಾಡಿ ಮಾವನ ಜೇಬಿಗೆ ಹಾಕಿದರು. "ಕೆಮ್ಮು ಬಂತು ಅನ್ನಿಸಿದ ತಕ್ಷಣ ಬಾಯಿಗೆ ಹಾಕ್ಕೊಳ್ಳಿ."

ಬಾಯಿ ಖಾಲಿ ಮಾಡಿಕೊಂಡು ಹಾಕಿಕೊಳ್ಳಿ ಎಂದು ಬಿಡಿಸಿ ಹೇಳಬೇಕೆಂದು ಯಾರಿಗೆ ಹೊಳೆದೀತು? ಮಾವನಿಗೆ ಮೊಳೆಯೂ ಹಲ್ಲಿದ್ದ ಹಾಗೇ, ಬಾಯಲ್ಲಿರುವ ನೆನಪೇ ಇರುವುದಿಲ್ಲ.

ಮಾರನೇ ದಿನ ಕೆನೆಬಣ್ಣದ ಬಟ್ಟೆಯ ದೊಡ್ಡ ಸೋಫಾ. ಕೆಮ್ಮು ಬಂತು, ಚಾಕೊಲೇಟು ಒಳಗೆ ಹೋಯಿತು, ಕೆಮ್ಮೇನೋ ಅಡಗಿತು. ಆದರೆ ಮೊಳೆಗಳು ಕರಗಿದ ಚಾಕೊಲೇಟಿಗೆ ಸಿಕ್ಕಿ, ಒಂದಕ್ಕೊಂದು ಅಂಟಿಕೊಂಡು ಬರತೊಡಗಿದವು. ಮಾವ ಎಲ್ಲವನ್ನೂ ಅಂಗೈಗೆ ಉಗುಳಿ ಎಣಿಸಿದರು. ಸೋಫಾಕ್ಕೆ ಬಡಿದದ್ದು ಐದು, ಅಂಗೈಯಲ್ಲಿ ಆರು.

"ಲೇ, ಬಾರೇ ಇಲ್ಲಿ." ಕೆಲಸದ ಹೊತ್ತಿನಲ್ಲಿ ಗಂಡ ಮಾತಾಡಿದ್ದೇ ಅತ್ತೆಗೆ ಎದೆ ಒಡೆಯಲು ಸಾಕಾಯಿತು. ಓಡಿ ಬಂದು ನೋಡಿದರೆ, ಹನ್ನೆರಡಕ್ಕೆ ಒಂದು ಮೊಳೆ ಕಮ್ಮಿ.

"ಎಲ್ಲಿ ನೋವು? ಗಂಟಲಾ, ಹೊಟ್ಟೆನಾ?"

"ಎಲ್ಲೂ ಇಲ್ಲ."

"ನುಂಗಿದ್ದು ಗೊತ್ತಾಗಲ್ವೇನ್ರೀ!"

"ಚಾಕೊಲೇಟಲ್ವೇನೇ, ಜಾರಿಹೋಗಿದ್ರೆ..."

ಮಗಳು ಗಾಡಿ ಕರೆಯಲು ಓಡಿದಳು. ಅತ್ತೆ ನೆಲ ಗುಡಿಸಿದರು, ಗಂಡನ ಅಂಗಿ ಕೊಡವಿದರು, ನಾರಿನ ಗುಡ್ಡೆಗೆ ಕೈಹಾಕಿ ಜಾಲಾಡಿದರು. ಕೊನೆಗೆ ಸೋಫಾದ ಬಟ್ಟೆಯನ್ನೇ ಅಂಗುಲ ಅಂಗುಲ ಸವರುತ್ತ ಬಂದರೆ, ಮೂಲೆಯ ಮಡಿಕೆಯೊಳಗೆ ಒಂದು ಕಂದು ಕಲೆ. ಬೆರಳಿಟ್ಟರೆ ಗಟ್ಟಿ. ಅಂಟಿಕೊಂಡಿದ್ದ ಎರಡು ಮೊಳೆಗಳನ್ನು ಮಾವ ಒಂದೇ ಏಟಿಗೆ ಬಡಿದಿದ್ದರು. ಒಂದರ ತಲೆ ಮಡಿಕೆಯಲ್ಲಿ ಮುಚ್ಚಿಹೋಗಿತ್ತು.

"ಹನ್ನೆರಡು!" ಎಂದ ಅತ್ತೆ ಅಲ್ಲೇ ಕುಸಿದು ಕೂತು ಮೊದಲು ಅತ್ತರು, ಆಮೇಲೆ ಬೈದರು. ಆವತ್ತು ಮಾವ ಹ್ಞೂಂ ಅನ್ನಲಿಲ್ಲ. ಮೊಳೆಯ ಡಬ್ಬಿ ತಂದು ಅತ್ತೆಯ ಮಡಿಲಲ್ಲಿಟ್ಟು, "ಮೂರನೇ ಕೈ ಇಲ್ಲೇ ಇತ್ತು ಬಿಡು" ಎಂದರು.

ಅಂದಿನಿಂದ ಅತ್ತೆ ಪಕ್ಕದಲ್ಲಿ ಕೂತು ಒಂದೊಂದೇ ಮೊಳೆ ಕೊಡುತ್ತಾರೆ. ಕೆಮ್ಮು ಹೋಗಿ ಎಷ್ಟೋ ದಿನವಾಯಿತು. ಚಾಕೊಲೇಟಿಗೆ ಹೋಯಿತೋ, ಚಳಿಯ ಜೊತೆ ಹೋಯಿತೋ ದೇವರೇ ಬಲ್ಲ. ಆದರೆ ಬಾಯಿ ಖಾಲಿಯಾದ ಮಾವ ಮೂವತ್ತು ವರ್ಷ ಕಟ್ಟಿಟ್ಟಿದ್ದ ಮಾತನ್ನೆಲ್ಲ ಬಿಚ್ಚಿದ್ದಾರೆ. ಯಾವ ಸೋಫಾದೊಳಗೆ ಯಾರ ಬಾಚಣಿಗೆ ಸಿಕ್ಕಿತು, ಯಾರ ಕುರ್ಚಿ ಯಾಕೆ ಕುಸಿಯಿತು, ಒಂದೇ ಎರಡೇ! ಮಧ್ಯಾಹ್ನದ ಹೊತ್ತಿಗೆ ಅತ್ತೆಯ ಕಿವಿ ತೂತು. ಆಗ ಮೊಳೆ ಡಬ್ಬಿಯ ಪಕ್ಕದ ಇನ್ನೊಂದು ಡಬ್ಬಿಯಿಂದ ದೊಡ್ಡದೊಂದು ಚೂರು ತೆಗೆಯುತ್ತಾರೆ.

"ಕೆಮ್ಮು ಬರೋ ಹಾಗಿದೆ ನಿಮಗೆ. ಬಾಯಿ ತೆಗೀರಿ. ಅಗೀಬೇಡಿ, ನಿಧಾನಕ್ಕೆ ಕರಗಿಸಿ."