ಬಣ್ಣ ಕೇಳುವ ಯಜಮಾನರು

ಕಾಲೇಜಿನ ಪ್ರಯೋಗದ ಮೇಜಿಗೆ ಕರೆಂಟನ್ನು ಅಳೆದು ಕೊಡುವ ಪವರ್ ಸಪ್ಲೈ ಪೆಟ್ಟಿಗೆಗಳನ್ನು ರಿಪೇರಿ ಮಾಡುವ ಯಜಮಾನರಿಗೆ ಬೀದಿಯವರು ಇಟ್ಟ ಹೆಸರು ‘ಒಂದ್ನಿಮಿಷ’, ಏಕೆಂದರೆ ಅವರ ಒಂದು ನಿಮಿಷಕ್ಕೆ ವಾರವೂ ಸಾಲದು. ಕೆಟ್ಟ ಪೆಟ್ಟಿಗೆ ಬಂದರೆ ಮೊದಲು ಮೂಸುತ್ತಾರೆ, ಬೆನ್ನು ತಟ್ಟುತ್ತಾರೆ, ಆಮೇಲೆ ಮಲಗಿದ ಮಗುವಿನ ಅಂಗಿ ಬಿಚ್ಚುವಷ್ಟು ಮೆಲ್ಲಗೆ ಮುಚ್ಚಳ ಬಿಚ್ಚುತ್ತಾರೆ. ಇರುವೆಯ ಕಾಲು ಎಣಿಸಬಲ್ಲ ಕಣ್ಣು ಅವರದು. ಆದರೂ ಕರೆಂಟನ್ನು ತಡೆಹಿಡಿಯುವ ಪುಟ್ಟ ರೆಸಿಸ್ಟರ್‌ಗಳ ಮೇಲೆ ಅವುಗಳ ಅಳತೆ ಹೇಳುವ ಬಣ್ಣದ ಪಟ್ಟಿ ಓದುವುದಕ್ಕೆ ಮಾತ್ರ ಹೆಂಡತಿಯೇ ಬರಬೇಕು. “ಇದ್ಯಾವ ಬಣ್ಣ ನೋಡೇ, ನನಗೆ ಕಣ್ಣು ಮಂಜು” ಎನ್ನುತ್ತಾರೆ. “ಹಳದಿ, ನೇರಳೆ, ಕೆಂಪು” ಎಂದಷ್ಟೇ ಹೇಳಿ ಆಕೆ ಒಳಗೆ ಹೋಗುತ್ತಾರೆ. ಕಾಲೇಜಿನ ಲ್ಯಾಬಿನವನು ಒಮ್ಮೆ ರೇಗಿದ: “ಮೀಟರ್ ಇಟ್ರೆ ಚಿಟಿಕೆ ಹೊಡೆಯೋದ್ರಲ್ಲಿ ಗೊತ್ತಾಗುತ್ತಲ್ಲ ಯಜಮಾನ್ರೇ, ಅಮ್ಮನ್ನ ಯಾಕೆ ಗೋಳು ಹುಯ್ಕೋತೀರ?” ಯಜಮಾನರು ದನಿ ತಗ್ಗಿಸಿದರು. “ಮಗಳು ತೀರ್ಕೊಂಡ ಮೇಲೆ ಅವಳು ಬಾಯಿ ಬಿಡೋದು ಇದಕ್ಕೊಂದೇ ಕಣಪ್ಪ. ನಾನು ಮೀಟರ್ ಹಿಡಿದ್ರೆ ಇದೂ ನಿಂತುಹೋಗುತ್ತೆ.” ಅಂದು ಅವನ ಪೆಟ್ಟಿಗೆಯಲ್ಲಿ ಸಿಕ್ಕಿದ್ದು ಕರಕಲಾದ ರೆಸಿಸ್ಟರ್, ಬಣ್ಣವೇ ಉಳಿದಿರಲಿಲ್ಲ. ರೂಢಿಯಂತೆ ಹೆಂಡತಿಯನ್ನು ಕರೆದುಬಿಟ್ಟರು. ಆಕೆ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. “ಪಾಪ, ಇದ್ಯಾಕ್ರೀ ಇಷ್ಟು ಸುಟ್ಟುಹೋಯ್ತು?” ಮಗಳು ಹೋದಂದಿನಿಂದ ಆಕೆಯಾಗಿಯೇ ಕೇಳಿದ ಮೊದಲ ಮಾತು ಅದು. ಯಜಮಾನರು ಬೆಸುಗೆ ಕಡ್ಡಿ ಕೆಳಗಿಟ್ಟು, ಸ್ಟೂಲ್ ಎಳೆದು ಆಕೆಯನ್ನು ಕೂರಿಸಿದರು. “ಪಕ್ಕದ ಟ್ರಾನ್ಸಿಸ್ಟರ್ ಕೈಕೊಡ್ತು ನೋಡು, ಎಲ್ಲರ ಭಾರಾನೂ ಇದೊಂದೇ ಹೊತ್ಕೊಳ್ತು…” ಲ್ಯಾಬಿನವನು ಮೆಲ್ಲನೆ ಎದ್ದುಹೋದದ್ದನ್ನೂ ಕಾಣದೆ ಅವರು ಕತೆ ಹೇಳುವಂತೆ ಹೇಳುತ್ತಾ ಹೋದರು, ಆಕೆ ಹೂಂಗುಟ್ಟುತ್ತಾ ಕುಳಿತರು.